ಹಲ್ಲಣ್ಣ ಮಾಡಿದ ಮೇಜು

ಬೀದಿಯವರೆಲ್ಲ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಹಾಗೆಂದು ಅವನ ಹಲ್ಲೇನೂ ಮುಂದಕ್ಕೆ ಚಾಚಿರಲಿಲ್ಲ. ಅವನ ಕಸುಬೇ ಹಲ್ಲು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಹಲ್ಲಣ್ಣ ಆ ಅಚ್ಚಿಗೆ ತಕ್ಕ ಹಾಗೆ ಒಸಡಿನ ಬಣ್ಣದ, ಕಲ್ಲಿನಂತೆ ಗಟ್ಟಿಯಾಗುವ ರೆಸಿನ್ ಅಂಟು ಬೇಯಿಸಿ, ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು, ಪುಟ್ಟ ಡಬ್ಬಿಯಲ್ಲಿಟ್ಟು ವಾಪಸು ಕಳಿಸುತ್ತಿದ್ದ. ಆಸ್ಪತ್ರೆಯ ಹಿಂಬದಿಯ ಒಂದೇ ಕಿಟಕಿಯ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಇದೇ ಕೆಲಸ. ಹಲ್ಲಿನ ಸೆಟ್ಟು ಸರಿಯಾಗಿ ಕೂತರೆ ರೋಗಿಗಳು ವೈದ್ಯರನ್ನು ಬಾಯಿ ತುಂಬ ಹೊಗಳಿ ಹೋಗುತ್ತಿದ್ದರು. ಕೂರದಿದ್ದರೆ ವೈದ್ಯರು ಫೋನು ಮಾಡಿ, "ಏನಪ್ಪಾ, ಲ್ಯಾಬಲ್ಲಿ ಏನೋ ಎಡವಟ್ಟಾಗಿದೆ" ಅನ್ನುತ್ತಿದ್ದರು.

ಹಾಗಂತ ಅವನು ಕೊರಗುವ ಜಾತಿಯವನಲ್ಲ. ಸಿಡುಕುವ ಜಾತಿಯವನು. ಡಬ್ಬಿಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಸಿಡುಕು, ಶರ್ಟಿನ ಗುಂಡಿ ಕೈಗೆ ಸಿಗದಿದ್ದರೆ ಸಿಡುಕು. ಶಾಲೆಯ ವ್ಯಾನು ಓಡಿಸುತ್ತಿದ್ದ ಅವನ ಹೆಂಡತಿ ದಿನಕ್ಕೆರಡು ಸಲ ಮೂವತ್ತು ಮಕ್ಕಳ ಕಿರುಚಾಟ ಕೇಳಿ ಪಳಗಿದವಳು. ಗಂಡನ ಸಿಡುಕು ಅವಳಿಗೆ ಹಿನ್ನೆಲೆಯಲ್ಲಿ ಓಡುವ ಫ್ಯಾನಿನ ಸದ್ದಿನಷ್ಟೇ.

ಆಸ್ಪತ್ರೆಯ ಹಿಂದೆ, ಅವನ ಆ ಒಂದೇ ಕಿಟಕಿಗೆ ಎದುರಾಗಿ, ಒಂದು ದೊಡ್ಡ ಮರವಿತ್ತು. ಆಂಬುಲೆನ್ಸ್ ತಿರುಗಿಸಲು ಜಾಗ ಸಾಲದೆಂದು ಒಂದು ಬೆಳಗ್ಗೆ ಅದನ್ನು ಕಡಿದುಹಾಕಿದರು. ಮಧ್ಯಾಹ್ನ ಹಲ್ಲಣ್ಣ ಚಹಾದ ಲೋಟ ಹಿಡಿದು ಹೊರಗೆ ಬಂದರೆ ಮರ ಅಡ್ಡಬಿದ್ದಿತ್ತು. ಕೊಯ್ದ ಬುಡದಲ್ಲಿ ಕಂದು, ಕೆಂಪು, ಜೇನಿನ ಬಣ್ಣಗಳು ಸುತ್ತುಸುತ್ತಾಗಿ ಹೊಳೆಯುತ್ತಿದ್ದವು. "ಇದನ್ನ ಏನ್ಮಾಡ್ತೀರಾ?" ಎಂದು ಕಾವಲುಗಾರನನ್ನು ಕೇಳಿದ. "ಸೌದೆ" ಎಂದ ಅವನು. ಹಲ್ಲಣ್ಣನಿಗೆ ಯಾರೋ ತನ್ನದೇ ವಸ್ತುವನ್ನು ಒಲೆಗೆ ಹಾಕಲು ಹೊರಟಂತೆ ಕಸಿವಿಸಿಯಾಯಿತು. ಅವರಿವರನ್ನು ಕಾಡಿ ಬೇಡಿ ಬುಡದ ಆರಡಿ ತುಂಡನ್ನು ಪಡೆದು, ಕೊಯ್ಯುವ ಮಿಲ್ಲಿಗೆ ಸಾಗಿಸಿ, ಎರಡು ದಪ್ಪ ಹಲಗೆ ಮಾಡಿಸಿದ.

ಮಿಲ್ಲಿನವನು ಹೇಳಿಯೇ ಹೇಳಿದ್ದ: "ಸಾರ್, ಇದು ಒಣಗ್ಬೇಕು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಲೆಕ್ಕ ಇಟ್ಕೊಳ್ಳಿ. ನಿಮ್ದು ಎರಡಿಂಚು."

"ನೋಡೋಣ ನೋಡೋಣ" ಎಂದ ಹಲ್ಲಣ್ಣ. ಹಲಗೆಗಳನ್ನು ಹಿತ್ತಲ ತಗಡಿನ ಶೆಡ್ಡಿನಲ್ಲಿ ಗೋಡೆಗೆ ಆನಿಸಿ, ಎದುರಿಗೆ ಟೇಬಲ್ ಫ್ಯಾನು ಇಟ್ಟ. ನಲವತ್ತು ದಿನ ಫ್ಯಾನು ಓಡಿತು. ಆಮೇಲೆ ಹಲಗೆಯ ಮೇಲೆ ಕೈಯಾಡಿಸಿ, ಮುಟ್ಟಿದರೆ ಒಣಗಿದೆ ಅನ್ನಿಸುತ್ತದಲ್ಲ, ಮತ್ತೇನು ಬೇಕು ಎಂದುಕೊಂಡ.

ಅವನ ತಲೆಯಲ್ಲಿದ್ದ ಮೇಜು ಹೀಗೆ: ಎರಡು ಹಲಗೆಗಳ ತೊಗಟೆಯ ಅಂಚು ಒಳಮುಖವಾಗಿ ಎದುರುಬದುರು, ನಡುವೆ ಒಂದು ಗೇಣು ಸಂದು, ಆ ಸಂದಿಗೆ ನೀಲಿ ಎಪಾಕ್ಸಿ ರೆಸಿನ್ ಸುರಿದರೆ, ಗಟ್ಟಿಯಾದ ಮೇಲೆ ಎರಡು ದಡಗಳ ನಡುವೆ ನದಿ ಹರಿದ ಹಾಗೆ ಕಾಣುತ್ತದೆ. ಫೋನಿನಲ್ಲಿ ಅಂಥ ಮೇಜುಗಳನ್ನು ನೋಡಿ ನೋಡಿ ಅವನಿಗೆ ಹುಚ್ಚೇ ಹಿಡಿದಿತ್ತು. ಮನೆಯಲ್ಲಿದ್ದುದು ಇಬ್ಬರು ಕೂರುವ ಮೇಜು. ಅವನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಅವನ ತಾಯಿ, ನಾಲ್ವರೂ ಪಾಳಿಯಲ್ಲಿ ಉಣ್ಣುತ್ತಿದ್ದರು.

"ರೆಸಿನ್ ಅಂದ್ರೆ ನನಗೆ ಎಡಗೈ ಆಟ" ಎಂದ ಹೆಂಡತಿಗೆ. "ಇಪ್ಪತ್ತೇಳು ವರ್ಷದಿಂದ ಅದನ್ನೇ ಕಲಸ್ತಿದೀನಿ."

"ಚಮಚದಲ್ಲಿ ಕಲಸ್ತಿದೀರಾ" ಎಂದಳು ಅವಳು. "ಇದು ಬಕೆಟ್ಟು."

ಇಲ್ಲಿ ಅವನ ಅಕ್ಕನ ವಿಷಯ ಹೇಳಲೇಬೇಕು. ಅವರ ಅಪ್ಪ ಬಡಗಿ. ಹಲ್ಲಣ್ಣನಿಗೆ ಹದಿಮೂರು ತುಂಬಿದಾಗ ಅಪ್ಪ ಕೈಗೆ ಉಳಿ ಕೊಟ್ಟು ಮರ ಕೂಡಿಸುವ ಒಂದು ಕೀಲು ಕೆತ್ತಲು ಹೇಳಿದ್ದ. ಹುಡುಗ ಕೆತ್ತಿದ, ಮರ ಸೀಳಿತು. ಅಪ್ಪ ಉಳಿ ಕಿತ್ತುಕೊಂಡು, "ನಿನ್ನ ಕೈಗೆ ಮರ ಬಗ್ಗಲ್ಲ, ಬಿಡು" ಎಂದಿದ್ದ. ಆ ಮಾತು ಹಲ್ಲಣ್ಣನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅಪ್ಪನ ಬಡಗಿ ಕಾರ್ಖಾನೆ ಹಿಡಿದವಳು ಅಕ್ಕ. ಅಪ್ಪ ಹೋದ ಮೇಲೂ ಅವಳೇ ನಡೆಸಿದಳು. ಬಾಗಿಲು, ಕಿಟಕಿ, ಮಂಚ, ಏನು ಬೇಕಾದರೂ ಅವಳ ಕೈಯಲ್ಲಿ ಹದವಾಗಿ ಬರುತ್ತಿತ್ತು. ಅವಳ ಕಾರ್ಖಾನೆ ಎರಡೇ ಬೀದಿ ಆಚೆ. ಆದರೂ ಹಲ್ಲಣ್ಣ ಮೇಜಿನ ಬಗ್ಗೆ ಒಂದು ಮಾತು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದು ಸಾಲದೆಂದು ಅವನಿಗೆ ಹಟವೂ ಇತ್ತು. ಕೇಳುವ ಬದಲು ಜಂಬ ಕೊಚ್ಚಿದ: "ಅಕ್ಕಾ, ಬರೋ ತಿಂಗಳ ಮೊದಲ ಭಾನುವಾರ ಊಟಕ್ಕೆ ಬಾ. ಹೊಸ ಮೇಜಿನ ಮೇಲೆ ಊಟ. ನಾನೇ ಮಾಡಿರೋದು."

ಅಕ್ಕ ಕೂದಲಿಗೆ ಅಂಟಿದ ಮರದ ಪುಡಿ ಕೊಡವುತ್ತ, "ಬರ್ತೀನಿ" ಎಂದಳು. ಅವಳು ಮಾತು ಬಳಸುವುದೇ ಅಷ್ಟು.

ಆ ಭಾನುವಾರಕ್ಕೆ ಒಂದು ವಾರ ಮುಂಚೆ ಹಲ್ಲಣ್ಣ ಅಚ್ಚಿನ ಪೆಟ್ಟಿಗೆ ಕಟ್ಟಿದ. ನುಣುಪು ಹಲಗೆಗಳಿಗೆ ಟೇಪು ಸುತ್ತಿ, ಸೋರದಂತೆ ಮೂಲೆಗಳಿಗೆ ಸಿಲಿಕೋನ್ ಅಂಟು ತುಂಬಿ, ಮರವನ್ನು ಒಳಗೆ ಕೂರಿಸಿ ಮೇಲಿಂದ ಬಿಗಿದ. ರೆಸಿನ್ನೂ ಅದನ್ನು ಗಟ್ಟಿ ಮಾಡುವ ಹಾರ್ಡನರೂ ತೂಗಿ, ನೀಲಿ ಹಾಕಿ, ಗುಳ್ಳೆ ಏಳದಂತೆ ನಿಧಾನವಾಗಿ ಕದಡಿ ಸುರಿದ. ನದಿ ತುಂಬಿತು. ಬಿಸಿಲಿನಲ್ಲಿ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ತಾಯಿಯನ್ನು ಕೈ ಹಿಡಿದು ಕರೆತಂದು ತೋರಿಸಿದ. "ಚೆನ್ನಾಗಿದೆ ಮಗಾ, ಆದ್ರೆ ಕಡಿಮೆ ಆಗ್ತಿದೆ ಅಲ್ವಾ?" ಎಂದಳು ಮುದುಕಿ.

ಅವಳ ಕಣ್ಣಿಗೆ ಪೊರೆ ಬಂದಿತ್ತು, ಆದರೂ ಅವಳಿಗೇ ಮೊದಲು ಕಂಡದ್ದು. ನಾಲ್ಕನೆಯ ಮೂಲೆಗೆ ಸಿಲಿಕೋನ್ ಹಾಕುವುದನ್ನೇ ಮರೆತಿದ್ದ. ಹಲ್ಲಣ್ಣ ಟೇಪು ಹುಡುಕಿದ, ಮೇಣ ಹುಡುಕಿದ, ಕೊನೆಗೆ ಹೆಬ್ಬೆರಳನ್ನೇ ಒತ್ತಿ ಹಿಡಿದು "ಯಾರಾದ್ರೂ ಬನ್ರೋ!" ಎಂದು ಕೂಗಿದ. ಮಗಳು ಕಿವಿಗೆ ಹಾಡು ಹಾಕಿಕೊಂಡಿದ್ದಳು. ಅರ್ಧ ನದಿ ಶೆಡ್ಡಿನ ನೆಲಕ್ಕೆ ಹರಿದು, ಬಟ್ಟೆ ತೊಳೆಯುವ ಜಾಗದವರೆಗೆ ಹೋಗಿ, ಅಲ್ಲೇ ಗಟ್ಟಿಯಾಯಿತು. ಮರುದಿನ ಹೆಂಡತಿ ಬಕೆಟ್ಟು ಎತ್ತಲು ಹೋದರೆ ಹಿಡಿಕೆ ಕೈಗೆ ಬಂತು, ಬಕೆಟ್ಟು ಬರಲಿಲ್ಲ.

"ಇದು ಇನ್ಮೇಲೆ ಇಲ್ಲೇನಾ?" ಎಂದು ಕೇಳಿದಳು, ಬಹಳ ಸಮಾಧಾನವಾಗಿ.

ಹಲ್ಲಣ್ಣ ಎರಡು ದಿನ ಉಳಿ ಸುತ್ತಿಗೆ ಹಿಡಿದು ಬಡಿದ. ಬಕೆಟ್ಟು ತುಂಡಾಯಿತು, ತಳ ಮಾತ್ರ ನೆಲದಲ್ಲೇ ಉಳಿಯಿತು. ಭಾನುವಾರ ಅಕ್ಕ ಬಂದಳು. ಹೊಸ ಮೇಜು ಎಲ್ಲಿ ಎಂದು ಕೇಳಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡು ಹೋದಳು. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಕೇಳದೆ ಹೋದದ್ದಕ್ಕೆ ಹಲ್ಲಣ್ಣ ಸಂಜೆಯವರೆಗೂ ಕುದಿದ.

ಎರಡನೆಯ ಸಲ ನಾಲ್ಕು ಮೂಲೆಯನ್ನೂ ಎರಡೆರಡು ಬಾರಿ ಮುಚ್ಚಿದ. ಸಂದಿಯಲ್ಲಿ ತಳಕ್ಕೆ ಒಂದು ಬೆರಳಷ್ಟು ನೀಲಿ ಉಳಿದಿತ್ತು, ಮೇಲಿನದನ್ನು ತುಂಬಬೇಕಿತ್ತು. ನಿಧಾನವಾಗಿ ಗಟ್ಟಿಯಾಗುವ ರೆಸಿನ್ ಅಂಗಡಿಯಲ್ಲಿ ಮುಗಿದಿತ್ತು. ಬೇಗ ಗಟ್ಟಿಯಾಗುವುದು ಇತ್ತು. ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಒಂದು ಸಲಕ್ಕೆ ತೆಳುವಾಗಿ ಮಾತ್ರ ಸುರಿಯಿರಿ. ಅದನ್ನು ಓದದಷ್ಟು ದಡ್ಡನಲ್ಲ ಅವನು. ಲ್ಯಾಬಿನಲ್ಲಿ ಹೊಸಬರು ಯಾರಾದರೂ ದವಡೆಯ ರೆಸಿನ್ನನ್ನು ಅವಸರದಿಂದ ಬಿಸಿ ಮಾಡಿದರೆ, ಒಳಗೆಲ್ಲ ರಂಧ್ರ ಬೀಳುತ್ತದೆ ಎಂದು ಗದರುತ್ತಿದ್ದವನೇ ಅವನು. ಆದರೆ ಅಕ್ಕನನ್ನು ಮತ್ತೆ ಊಟಕ್ಕೆ ಕರೆದಿದ್ದ ಮುಂದಿನ ತಿಂಗಳ ಮೊದಲ ಭಾನುವಾರ ಹತ್ತಿರ ಬರುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಒಂದೇ ಸಲಕ್ಕೆ ಅಂಚಿನವರೆಗೆ ಸುರಿದುಬಿಟ್ಟ.

ಇಪ್ಪತ್ತು ನಿಮಿಷದಲ್ಲಿ ರೆಸಿನ್ ಬೆಚ್ಚಗಾಯಿತು. ಮೂವತ್ತರಲ್ಲಿ ಕೈ ಇಡಲಾಗಲಿಲ್ಲ. ಆಮೇಲೆ ನದಿಯ ನಡುವಿಂದ ತೆಳ್ಳಗೆ ಹೊಗೆ ಎದ್ದಿತು, ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಪಟಪಟನೆ ಬಿರುಕು ಬಿಟ್ಟಿತು. ಪಕ್ಕದ ಮನೆಯ ಅಂಚೆಯವನು ಗೋಡೆಯ ಮೇಲಿಂದ ಇಣುಕಿ, "ಹಲ್ಲಣ್ಣಾ, ನದಿಗೆ ಬೆಂಕಿ ಬಿತ್ತಾ?" ಎಂದ.

"ನಿಮ್ಮ ಕೆಲಸ ನೋಡ್ಕೊಳ್ರೀ!" ಎಂದು ಅರಚಿ ಹಲ್ಲಣ್ಣ ಕೈಯಲ್ಲಿದ್ದ ಕದಡುವ ಕೋಲನ್ನು ಎಸೆದ. ಅದು ತಗಡಿಗೆ ಬಡಿದು ವಾಪಸು ಅವನ ಹಣೆಗೇ ಬಂತು.

ಆ ಭಾನುವಾರವೂ ಅಕ್ಕ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡೇ ಉಂಡಳು. ಅವನ ಹಣೆಯ ಬುಗುಟನ್ನು ಒಮ್ಮೆ ನೋಡಿದಳು ಅಷ್ಟೇ.

ಸುಟ್ಟ ರೆಸಿನ್ನನ್ನು ಕಿತ್ತು ತೆಗೆಯಲು ಹದಿನೈದು ದಿನ ಹಿಡಿಯಿತು. ಲ್ಯಾಬಿನಿಂದ ಬಂದವನೇ ಶೆಡ್ಡಿಗೆ ಹೋಗುತ್ತಿದ್ದ. ಊಟಕ್ಕೆ ಕರೆದರೆ, "ಬರ್ತೀನಿ ಅಂದ್ನಲ್ಲ!" ಮಗಳು ಏನಾದರೂ ಕೇಳಿದರೆ, "ಈಗಲೇ ಬೇಕಾ?" ಒಂದು ದಿನ ಮಗಳು ಅವನ ಮುಖಕ್ಕೇ ಹೇಳಿದಳು: "ಅಪ್ಪಾ, ಎಲ್ಲರೂ ಒಟ್ಟಿಗೆ ಕೂರೋಕೆ ತಾನೇ ಮೇಜು? ಈಗ ನೀನು ನಮ್ಮ ಜೊತೆ ಊಟಕ್ಕೇ ಬರ್ತಿಲ್ಲ." ಅವಳು ಹೇಳಿದ್ದು ನಿಜ. ನಿಜವಾದ್ದರಿಂದಲೇ ಅವನಿಗೆ ಇನ್ನಷ್ಟು ರೇಗಿತು.

ಮೂರನೆಯ ಸಲ ಅವನು ತನ್ನ ಕಸುಬಿನವನ ಹಾಗೆ ನಡೆದುಕೊಂಡ. ದಿನಕ್ಕೊಂದು ತೆಳು ಪದರ, ಆರು ದಿನ ಆರು ಪದರ. ಗುಳ್ಳೆ ಎದ್ದಲ್ಲಿ ಬಿಸಿಗಾಳಿ ಹಾಯಿಸಿ ಒಡೆದ. ಗಟ್ಟಿಯಾದ ಮೇಲೆ ಮಟ್ಟ ಮಾಡಿದ, ಒರಟು ಮರಳುಕಾಗದದಿಂದ ಶುರುಮಾಡಿ ನುಣುಪು ಕಾಗದದವರೆಗೆ ಉಜ್ಜಿದ, ಮೂಗು ಕಿವಿಯೊಳಗೆಲ್ಲ ನೀಲಿ ಪುಡಿ ತುಂಬಿಸಿಕೊಂಡ. ಎಣ್ಣೆ ಸವರಿದಾಗ ಮರ ಎಚ್ಚರಗೊಂಡಂತೆ ಬಣ್ಣ ತುಂಬಿಕೊಂಡಿತು. ಬಿಡಿಬಿಡಿಯಾಗಿ ಒಳಗೆ ತಂದು ಕಾಲು ಜೋಡಿಸಿದರು. ಹೆಂಡತಿ ವ್ಯಾನಿನ ಕೀಲಿಯನ್ನು ಕೈಯಲ್ಲೇ ಹಿಡಿದು ಸುಮ್ಮನೆ ನಿಂತು ನೋಡಿದಳು. "ಪರವಾಗಿಲ್ವೇ, ಹಲ್ಲಣ್ಣಾ" ಎಂದಳು. ಅವಳು ಅವನನ್ನು ಹಾಗೆ ಕರೆಯುವುದು ತೀರ ಖುಷಿಯಾದಾಗ ಮಾತ್ರ.

ಮೂರನೆಯ ತಿಂಗಳ ಭಾನುವಾರ ಅಕ್ಕ ಮೇಜಿಗೆ ಕೂತಳು. ತಟ್ಟೆ ಬರುವ ಮುಂಚೆ ಬೆರಳಿನ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಸದ್ದು ಕೇಳಿದಳು. ಅಕ್ಕ ಉಂಡಳು, ಕೈ ತೊಳೆದಳು, "ಊಟ ಚೆನ್ನಾಗಿತ್ತು" ಎಂದು ಅವನ ಹೆಂಡತಿಗೆ ಹೇಳಿ ಹೊರಟಳು.

"ಊಟ ಚೆನ್ನಾಗಿತ್ತಂತೆ!" ಅವಳು ಬೀದಿ ದಾಟುವ ಮುಂಚೆಯೇ ಹಲ್ಲಣ್ಣ ಹಾರಾಡಿದ. "ಮೂರು ತಿಂಗಳು! ಮೂರು ತಿಂಗಳು ಬೆವರು ಸುರಿಸಿದ್ದಕ್ಕೆ ಊಟ ಚೆನ್ನಾಗಿತ್ತಂತೆ!"

"ಊಟ ನಾನು ಮಾಡಿದ್ದು" ಎಂದಳು ಹೆಂಡತಿ.

ಮೇಜು ಒಂಬತ್ತು ದಿನ ಮೇಜಾಗಿತ್ತು. ಹತ್ತನೆಯ ದಿನ ಬೆಳಗ್ಗೆ ನಾಲ್ವರೂ ಕೂತು ಚಹಾ ಕುಡಿಯುತ್ತಿರುವಾಗ ಮೇಜಿನೊಳಗಿಂದ 'ಟಕ್' ಎಂದು ಸದ್ದಾಯಿತು. ಗಾಳಿ ಒಣಗಿ ತುಟಿ ಬಿರಿಯುವ ದಿನಗಳು ಶುರುವಾಗಿದ್ದವು. ಹಲ್ಲಣ್ಣ ಬಗ್ಗಿ ನೋಡಿದ. ಒಂದು ಕಡೆ ಮರ ನದಿಯನ್ನು ಬಿಟ್ಟು ದೂರ ಸರಿದಿತ್ತು, ಕೂದಲೆಳೆಯಷ್ಟು. ವಾರ ಕಳೆಯುವುದರೊಳಗೆ ಆ ಎಳೆಯಲ್ಲಿ ಚಾಕುವಿನ ಅಲಗು ಹೋಗುವಂತಾಯಿತು. ಇನ್ನೊಂದು ಹಲಗೆ ದೋಣಿಯ ಹಾಗೆ ಮೇಲಕ್ಕೆ ಬಾಗಿತು. ಲೋಟ ಇಟ್ಟರೆ ಮೆಲ್ಲಗೆ ಜಾರಿ ನದಿಯ ಕಡೆಗೆ ಹೊರಡುತ್ತಿತ್ತು. ಅಂಟು ತುಂಬಿದ, ಬಿಗಿದ, ಭಾರ ಹೇರಿದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ನಾಲ್ಕನೆಯ ತಿಂಗಳ ಭಾನುವಾರ ಅಕ್ಕ ಬಂದಾಗ ಹಲ್ಲಣ್ಣ ಬಾಗಿಲಲ್ಲೇ ನಿಂತಿದ್ದ.

"ನೋಡು" ಎಂದ. "ಏನಾಗಿದೆ ಹೇಳು."

ಅಕ್ಕ ಬಿರುಕಿನ ಮೇಲೆ ಅಂಗೈ ಸವರಿದಳು. "ಹಸಿ ಮರ."

"ಹೋದ ಸಲ ಬಂದಾಗ್ಲೇ ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ತಟ್ಟಿದಾಗ ಸದ್ದೇ ಹೇಳ್ತು."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ಲ! ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಕೇಳಿದ್ಯಾ?"

ಹಲ್ಲಣ್ಣನ ನಲವತ್ತು ವರ್ಷದ ಕಟ್ಟೆಯೊಡೆಯಿತು. "ಕೇಳಿದ್ರೆ ನೀನೂ ಅಪ್ಪನ ಹಾಗೆ ಹೇಳ್ತಿದ್ದೆ! ನನ್ನ ಕೈಗೆ ಮರ ಬಗ್ಗಲ್ಲ ಅಂತ. ಉಳಿ ಕಿತ್ಕೊಂಡ್ರು ಅಪ್ಪ. ಹದಿಮೂರು ವರ್ಷದವನ ಕೈಯಿಂದ! ನೀನೂ ಅಲ್ಲೇ ಇದ್ದೆ."

ಅಕ್ಕ ಅವನನ್ನು ಅಚ್ಚರಿಯಿಂದ ನೋಡಿದಳು. ನೆನಪಿಸಿಕೊಳ್ಳಲು ಪ್ರಯತ್ನಿಸಿದಳು. "ನಂಗೆ ನೆನಪಿಲ್ಲ" ಎಂದಳು ಕೊನೆಗೆ. "ಆದ್ರೆ ಕಿತ್ಕೊಂಡಿರ್ತಾರೆ. ನನ್ನ ಕೈಯಿಂದಾನೂ ಎಷ್ಟು ಸಲ ಕಿತ್ಕೊಂಡ್ರು. ಕತ್ತೆ ಅಂತಿದ್ರು, ಹೋಗಿ ಪಾತ್ರೆ ತೊಳಿ ಅಂತಿದ್ರು. ನಾನು ಮಾರನೇ ದಿನ ಹೋಗಿ ಮತ್ತೆ ತಗೊಳ್ತಿದ್ದೆ."

ಅಷ್ಟೇ ಹೇಳಿದ್ದು. ಹೊಡೆದಿದ್ದರೂ ಹಲ್ಲಣ್ಣನಿಗೆ ಅಷ್ಟು ನೋಯುತ್ತಿರಲಿಲ್ಲ. ಅವನು ಕುರ್ಚಿ ಎಳೆದು ಕೂತ. ಮಾರನೇ ದಿನ ಹೋಗಿ ಮತ್ತೆ ತೆಗೆದುಕೊಳ್ಳಬಹುದಿತ್ತು. ಅದು ಅವನಿಗೆ ಹೊಳೆದೇ ಇರಲಿಲ್ಲ. ಈಗ ಯಾರ ಮೇಲೆ ಸಿಟ್ಟಾಗಬೇಕೆಂದು ಗೊತ್ತಾಗದೆ, ಸಿಟ್ಟೆಲ್ಲ ಒಳಗೇ ಸುತ್ತು ಹೊಡೆಯತೊಡಗಿತು.

"ನಮ್ಮಲ್ಲಿ ಒಣಗಿದ ಮರ ಇದೆ" ಎಂದಳು ಅಕ್ಕ. "ತಗೊಂಡು ಹೋಗು, ಬೇರೆ ಮಾಡು."

"ಬೇಡ. ಈ ಮರಾನೇ ಆಗ್ಬೇಕು. ಇಪ್ಪತ್ತೇಳು ವರ್ಷ ಕಿಟಕಿಯಿಂದ ನೋಡಿದ ಮರ ಇದು."

"ಹಾಗಾದ್ರೆ ಬಿಡಿಸಿ, ಒಣಗೋಕೆ ಇಡು."

"ಎಷ್ಟು ದಿನ?"

"ದಿನ ಅಲ್ಲ. ಎರಡು ವರ್ಷ."

ಅವನು ಮುಖ ಮುಚ್ಚಿಕೊಂಡ. ಅಡುಗೆಮನೆಯಿಂದ ತಾಯಿ ಕೇಳಿದಳು: "ಹಾಗಾದ್ರೆ ಇವತ್ತೂ ತೊಡೆ ಮೇಲೇನಾ ಊಟ?"

ಮರುವಾರ ಹಲ್ಲಣ್ಣ ತಾನು ಮಾಡಿದ ಮೇಜನ್ನು ತಾನೇ ಕೊಯ್ದ. ನದಿಯನ್ನು ಎಸೆದು, ಎರಡು ಹಲಗೆಗಳನ್ನು ಅಕ್ಕನ ಕಾರ್ಖಾನೆಗೆ ಹೊತ್ತೊಯ್ದ. ಗಾಳಿಯಾಡಲು ನಡುನಡುವೆ ಮರದ ಪಟ್ಟಿ ಇಟ್ಟು, ತುದಿಗಳಿಗೆ ಮೇಣ ಬಳಿದು, ಮೇಲೆ ಕಲ್ಲು ಹೇರಿ ನೆರಳಿನಲ್ಲಿ ಮಲಗಿಸುವುದನ್ನು ಅವಳು ತೋರಿಸಿದಳು, ಕೈ ಹಚ್ಚಲಿಲ್ಲ. ಪ್ರತಿ ಶನಿವಾರ ಅವನು ಹೋಗಿ ಹಲಗೆ ತಟ್ಟಿ ಸದ್ದು ಕೇಳುತ್ತಿದ್ದ. ಮೊದಲ ಆರು ತಿಂಗಳು ಅವನ ಕಿವಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. "ಏನೂ ಆಗ್ತಿಲ್ಲ" ಎಂದು ಗೊಣಗಿದರೆ, ಅಕ್ಕ ಮರ ಹೆರೆಯುವ ರಂದ ಹೊಡೆಯುತ್ತಲೇ, "ಆಗ್ತಿದೆ" ಎನ್ನುತ್ತಿದ್ದಳು. ಬೀದಿಯಲ್ಲಿ ಅಂಚೆಯವನು ಸಿಕ್ಕಾಗಲೆಲ್ಲ "ನದಿ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದ. ಹಲ್ಲಣ್ಣ ಆ ರಸ್ತೆಯನ್ನೇ ಬಿಟ್ಟು ಸುತ್ತುಹಾಕಿ ಲ್ಯಾಬಿಗೆ ಹೋಗತೊಡಗಿದ. ಮನೆಯಲ್ಲಿ ಊಟದ ಪಾಳಿ ಮತ್ತೆ ಶುರುವಾಗಿತ್ತು.

ಎರಡು ವರ್ಷ ಮುಗಿದಾಗ ಹಲಗೆಗಳು ಹಗುರಾಗಿದ್ದವು, ಒಂದು ಸ್ವಲ್ಪ ಸೊಟ್ಟಗಿತ್ತು, ತಟ್ಟಿದರೆ ಗಂಟೆಯ ಹಾಗಲ್ಲದಿದ್ದರೂ ಗಡಿಗೆಯ ಹಾಗೆ ದನಿ ಬರುತ್ತಿತ್ತು. ಸೊಟ್ಟ ತೆಗೆಯಲು ರಂದ ಹೊಡೆದು ಅರ್ಧ ಇಂಚು ದಪ್ಪ ಕಳೆದ. ಅಕ್ಕನ ಕಾರ್ಖಾನೆಯಲ್ಲೇ ಅಚ್ಚು ಕಟ್ಟಿ, ಪದರ ಪದರವಾಗಿ ಸುರಿದ. ಕಾಲನ್ನು ಈ ಸಲ ತಿರುಪಿನಲ್ಲಿ ಕೂರಿಸದೆ, ಉಳಿಯಿಂದ ಕೀಲು ಕೆತ್ತಿ ಗಟ್ಟಿಯಾಗಿ ಅಂಟಿಸಿದ. ನಾಲ್ಕು ಕೀಲಿನಲ್ಲಿ ಎರಡು ಸೀಳಿದವು, ಮತ್ತೆ ಕೆತ್ತಿದ. ಮೇಜು ನಿಂತಿತು, ಅಲುಗಲಿಲ್ಲ. ಅಕ್ಕ ಸುತ್ತ ಒಂದು ಬಾರಿ ನಡೆದು, "ಹೂಂ" ಎಂದಳು.

ನಾಲ್ವರು ಕೂಲಿಗಳು ಹೊತ್ತು ತಂದರು. ಮುಂಬಾಗಿಲು ದಾಟಿತು. ಮುಂಬಾಗಿಲಿನ ನಂತರ ಮನೆಯೊಳಗೇ ಓಣಿಯಂಥ ಒಂದು ಇಕ್ಕಟ್ಟಿನ ದಾರಿ, ಅಲ್ಲಿ ಎಡಕ್ಕೆ ತಿರುಗಿದರೆ ಊಟದ ಕೋಣೆ. ಹಿಂದಿನ ಸಲ ಕಾಲಿಲ್ಲದ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಒಳಗೆ ತಂದಿದ್ದರು. ಈ ಸಲ ಕಾಲುಗಳು ಅಂಟಿಹೋಗಿದ್ದವು. ಎತ್ತಿದರು, ಓರೆ ಮಾಡಿದರು, ಮಲಗಿಸಿದರು, ತಲೆಕೆಳಗು ಮಾಡಿದರು. ಗೋಡೆಯ ಸುಣ್ಣ ಉದುರಿತು. ಒಬ್ಬ ಕೂಲಿಯ ಬೆರಳು ನಜ್ಜಾಯಿತು. ಮೇಜು ತಿರುಗಲಿಲ್ಲ.

"ಬಾಗಿಲು ಅಳೆದಿದ್ರಾ?" ಎಂದು ಕೇಳಿದಳು ಹೆಂಡತಿ.

"ಬಾಗಿಲು ಅಳೆದಿದ್ದೆ" ಎಂದ ಹಲ್ಲಣ್ಣ, ಓಣಿಯ ತಿರುವನ್ನು ನೋಡುತ್ತ.

ಕೂಲಿಗಳು ನೀರು ಕುಡಿದು ಹೋದರು. ಹಲ್ಲಣ್ಣ ಓಣಿಯಲ್ಲಿ ಮೇಜಿನ ಪಕ್ಕ ಗೋಡೆಗೆ ಒರಗಿ ಕೂತ. ತಾಯಿ ಬಂದು ಮೇಜಿನ ಆಚೆ ನಿಂತಳು. ಅವಳಿಗೆ ತನ್ನ ಕೋಣೆಗೆ ಹೋಗಲು ದಾರಿಯಿರಲಿಲ್ಲ. ಆಗ ಅವನು ಎದ್ದು ಗರಗಸ ತಂದ. ಒಂದು ತುದಿಯಿಂದ ಒಂದೂವರೆ ಅಡಿಗೆ ಗೆರೆ ಎಳೆದ. ಮರ, ನದಿ, ಮರ; ಮೂರನ್ನೂ ಕೈಯಲ್ಲೇ ಕೊಯ್ದ. ನದಿಯ ಮೇಲೆ ಗರಗಸ ಕಿರುಗುಟ್ಟಿದಾಗ ಮಗಳು ಕಿವಿ ಮುಚ್ಚಿಕೊಂಡಳು. ಬಿದ್ದ ತುಂಡಿನಿಂದ ಎರಡು ಕಾಲು ಬಿಡಿಸಿ, ಹೊಸ ಕೀಲಿಗೆ ಗುಳಿ ತೋಡಿ, ಓಣಿಯ ನೆಲದಲ್ಲೇ ಕೂತು ಸಂಜೆಯ ಹೊತ್ತಿಗೆ ಮುಗಿಸಿದ. ಈ ಸಲ ಒಂದು ಕೀಲೂ ಸೀಳಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಎಂಟು ಜನ ಕೂರಬೇಕಿದ್ದ ಮೇಜು ನಾಲ್ವರದ್ದಾಯಿತು. ಒಂದು ತುದಿ ನುಣುಪು, ಇನ್ನೊಂದು ತುದಿ ಗರಗಸದ ಗುರುತಿನಿಂದ ಒರಟು. ಅದನ್ನು ಒಳಗೆ ತಂದು ಇಟ್ಟರು. ಹೆಂಡತಿ ತಟ್ಟೆ ಹಾಕಿದಳು. ಮುದುಕಿಯನ್ನು ಒರಟು ತುದಿ ತಗುಲದ ಕಡೆ ಕೂರಿಸಿದರು. ನಾಲ್ವರೂ ಮೊಣಕೈ ಮೊಣಕೈಗೆ ತಾಗುವಂತೆ ಕೂತರು.

ಮಗಳು ಒಲೆಯ ಮೇಲಿನಿಂದ ಪಾತ್ರೆ ತಂದು, ಹಸಿವಿನ ಭರದಲ್ಲಿ, ನೇರವಾಗಿ ನದಿಯ ನಡುವೆ ಇಟ್ಟಳು.

"ಅಯ್ಯೋ, ಬಿಸಿ!" ಎಂದಳು ಹೆಂಡತಿ. ಮಗಳು ತಟ್ಟನೆ ಎತ್ತಿಕೊಂಡಳು. ನೀಲಿಯ ಮೇಲೆ ಪಾತ್ರೆಯ ತಳದ ಅಳತೆಯ ಮಬ್ಬು ಉಂಗುರವೊಂದು ಮೂಡಿತ್ತು. ಮಗಳು ಅದನ್ನು ಬೆರಳಿನಿಂದ ಉಜ್ಜಿದಳು. ಹೋಗಲಿಲ್ಲ.

ಮೂವರೂ ಹಲ್ಲಣ್ಣನ ಮುಖ ನೋಡಿದರು. ಅವನು ಬಾಯಿ ತೆರೆದ. ಕೊರಳಿನ ನರ ಉಬ್ಬಿತು. ಉಂಗುರವನ್ನು ನೋಡಿದ, ಮಗಳನ್ನು ನೋಡಿದ. ಅವಳು ಪಾತ್ರೆಯ ಬಿಸಿ ತಾಳದೆ ಕಾಲು ಬದಲಿಸುತ್ತ ನಿಂತಿದ್ದಳು.

"ಇಡು" ಎಂದ ಹಲ್ಲಣ್ಣ. "ಅಲ್ಲೇ ಇಡು. ಹೋಗಿದ್ದು ಹೋಯ್ತು."

ಅವಳು ಅದೇ ಉಂಗುರದ ಮೇಲೆ ಪಾತ್ರೆ ಇಟ್ಟು, ಅವನ ತಟ್ಟೆಗೆ ಮೊದಲು ಬಡಿಸಿದಳು.